ಗಂಟೆ ಮೇಲೆ ಹನ್ನೆರಡು ನಿಮಿಷ

ಸಾಗರದಿಂದ ಅಕ್ಕ ಒಂದು ಸಂಜೆ ಫೋನ್ ಮಾಡಿದಳು. “ತಮ್ಮಾ, ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆ ಬಂದು ಕೂರ್ತದೆ. ಓಕೆ ಒತ್ತಿದರೆ ಹೋಗ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬರ್ತದೆ. ಹದಿನೈದು ದಿನದಿಂದ ಇದೇ ಆಗಿದೆ.”

“ಅದರಲ್ಲಿ ಏನು ಬರೆದಿದೆ?”

“ಏನೋ ಎರರ್ ಅಂತ ಇರ್ತದೆ. ಓದೋಕೆ ಮೊದಲೇ ಓಕೆ ಒತ್ತಿ ಅಭ್ಯಾಸ ಆಗಿಬಿಟ್ಟಿದೆ.”

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು ನನ್ನ ಅಕ್ಕ. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಅಂಥವಳನ್ನೂ ಓದದೆ ಒತ್ತುವಂತೆ ಮಾಡುವ ಶಕ್ತಿ ಈ ಪುಟ್ಟ ಪೆಟ್ಟಿಗೆಗಳಿಗಿದೆ. ಅವು ಕೆಲಸದ ನಡುವೆ ಬರುತ್ತವೆ, ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತವೆ, ಒತ್ತಲು ಒಂದೇ ಒಂದು ಗುಂಡಿ ಕೊಡುತ್ತವೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಪೇಟೆಯ ರಿಪೇರಿ ಅಂಗಡಿಯಲ್ಲಿ ವಿಚಾರಿಸಿದಾಗ “ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿ ಹೋಗ್ತದೆ” ಅಂದರಂತೆ. ಸರಿ ಹೋಗುವುದೇನೋ ನಿಜ. ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿದರೆ ದೋಷವೂ ಹೋಗುತ್ತದೆ. ಅದರ ಜೊತೆಗೆ ಆರು ವರ್ಷದ ತೋಟದ ಲೆಕ್ಕ, ಮಗಳ ಮದುವೆಯ ಫೋಟೊಗಳೂ ಹೋಗುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಮೇಲಾಗಿ, ದೋಷ ಏಕೆ ಬಂದಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ಗೊತ್ತಾಗದ ದೋಷ ಬಂದ ದಾರಿಯಲ್ಲೇ ಮತ್ತೆ ಬರಬಹುದು.

ಅಕ್ಕನಿಗೆ ನಾನು ಎರಡೇ ಕೆಲಸ ಹೇಳಿದೆ. ಒಂದು, ಮುಂದಿನ ಸಲ ಪೆಟ್ಟಿಗೆ ಬಂದಾಗ ಓಕೆ ಒತ್ತುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆಯುವುದು. ಎರಡು, ಅದು ಬಂದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಗಂಟೆ-ನಿಮಿಷ ಬರೆಯುವುದು. ಕಂಪ್ಯೂಟರ್ ಹಾಕಿದ ಹೊತ್ತನ್ನೂ ಬರೆಯುವುದು.

ಮೂರು ದಿನದ ಮೇಲೆ ಕ್ಯಾಲೆಂಡರಿನ ಫೋಟೊ ಬಂತು. ಸೋಮವಾರ: ಹಾಕಿದ್ದು 8:50ಕ್ಕೆ, ಪೆಟ್ಟಿಗೆ 9:12, 10:12, 11:12. ಮಂಗಳವಾರ: ಹಾಕಿದ್ದು 7:40, ಪೆಟ್ಟಿಗೆ 8:12, 9:12. ಬುಧವಾರ: ಹಾಕಿದ್ದು ಮಧ್ಯಾಹ್ನ 2:35, ಪೆಟ್ಟಿಗೆ 3:12, 4:12, 5:12. ಎಲ್ಲ ಹನ್ನೆರಡುಗಳ ಕೆಳಗೂ ಅಕ್ಕ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. ಬದಿಯಲ್ಲಿ ಒಂದು ಸಾಲು: “ನಿಮಿಷ ಬದಲಾಗುವುದೇ ಇಲ್ಲ!”

ಅರ್ಧ ಉತ್ತರ ಆ ಸಾಲಿನಲ್ಲೇ ಇತ್ತು.

ಚಳಿಜ್ವರದ ಲೆಕ್ಕ

ಒಂದು ಕಾಲದಲ್ಲಿ ಮಲೆನಾಡಿನ ಮನೆಮನೆಯೂ ಚಳಿಜ್ವರವನ್ನು ಬಲ್ಲದ್ದಾಗಿತ್ತು. ದಿನ ಬಿಟ್ಟು ದಿನ ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ ಎಂದು ಹಿರಿಯರು ಅದನ್ನು ಅಂತರದ ಮೇಲೆಯೇ ಗುರುತಿಸುತ್ತಿದ್ದರು. ಗ್ರೀಕರ ವೈದ್ಯರೂ ಎರಡು ಸಾವಿರ ವರ್ಷಕ್ಕೂ ಹಿಂದೆ ಹೀಗೆಯೇ ಗುರುತಿಸಿದ್ದರು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಆಲ್ಫೋನ್ಸ್ ಲ್ಯಾವರಾನ್ ರೋಗಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಕೆಲವೇ ವರ್ಷಗಳಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಜ್ವರದ ಹೊತ್ತನ್ನೂ ರಕ್ತದ ಹನಿಯನ್ನೂ ಜೊತೆಗಿಟ್ಟು ನೋಡಿದರು. ಪರಾವಲಂಬಿಗಳು ಕೆಂಪು ರಕ್ತಕಣದೊಳಗೆ ಬೆಳೆದು, ಹೋಳಾಗಿ, ಎಲ್ಲವೂ ಸುಮಾರಾಗಿ ಒಂದೇ ಹೊತ್ತಿಗೆ ಕಣವನ್ನು ಒಡೆದು ಹೊರಬರುವಾಗಲೇ ರೋಗಿಗೆ ನಡುಕ ಹತ್ತುತ್ತದೆ. ಒಂದು ಜಾತಿಗೆ ಈ ಸುತ್ತು ಮುಗಿಯಲು 48 ಗಂಟೆ, ಇನ್ನೊಂದಕ್ಕೆ 72 ಗಂಟೆ. ಅಂದರೆ ಜ್ವರದ ಅಂತರ ಆ ಜೀವಿಯ ಬದುಕಿನ ಅಳತೆ. ಸೂಕ್ಷ್ಮದರ್ಶಕವಿಲ್ಲದ ವೈದ್ಯನೂ ದಿನ ಎಣಿಸಿ ಒಳಗಿರುವುದು ಯಾವುದಿರಬಹುದು ಎಂದು ಊಹಿಸಬಹುದಿತ್ತು.

ಕಂಪ್ಯೂಟರಿನ ದೋಷಕ್ಕೂ ಈ ಮಾತು ಅಕ್ಷರಶಃ ಹೊಂದುತ್ತದೆ. ಒಮ್ಮೆ ಬಂದು ಮಾಯವಾದ ದೋಷವನ್ನು ಹಿಡಿಯುವುದು ಬಲು ಕಷ್ಟ. ಅದು ಮತ್ತೆ ಬರುವವರೆಗೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮತ್ತೆ ಮತ್ತೆ ಬರುವ ದೋಷ ನಮಗೆ ಕಿರಿಕಿರಿ ಅನಿಸಿದರೂ ನಿಜಕ್ಕೂ ಅದು ಉಪಕಾರಿ. ಅದು ಪ್ರತಿ ಸಲವೂ ಒಂದು ಹೊಸ ಅಳತೆ ಕೊಡುತ್ತದೆ. ಊಹೆಯೊಂದನ್ನು ಪರೀಕ್ಷಿಸಲು ಪ್ರತಿ ಗಂಟೆಯೂ ಒಂದು ಅವಕಾಶ ಕೊಡುತ್ತದೆ. ವಿಜ್ಞಾನಕ್ಕೆ ಬೇಕಾದದ್ದು ಮರುಕಳಿಸುವ ಘಟನೆ. ಅದು ಅಕ್ಕನ ಮನೆಯ ಮೇಜಿನ ಮೇಲೆ ಗಂಟೆಗೊಮ್ಮೆ ನಡೆಯುತ್ತಿತ್ತು.

ಪರದೆಯ ಹಿಂದೆ ದುಡಿಯುವವರು

ಕಂಪ್ಯೂಟರ್ ಹಾಕಿ ಏನನ್ನೂ ತೆರೆಯದೆ ಸುಮ್ಮನೆ ಕುಳಿತರೂ ಒಳಗೆ ಕೆಲಸ ನಿಂತಿರುವುದಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ನೂರಕ್ಕೂ ಹೆಚ್ಚು ಪ್ರಕ್ರಿಯೆಗಳು ನಡೆಯುತ್ತಿರುವುದು ಕಾಣುತ್ತದೆ. ಒಂದು ವೈಫೈ ನೋಡಿಕೊಳ್ಳುತ್ತದೆ, ಒಂದು ಪ್ರಿಂಟರಿನ ಸರದಿ ಕಾಯುತ್ತದೆ, ಒಂದು ವೈರಸ್ ಹುಡುಕುತ್ತದೆ, ಒಂದು ಗಡಿಯಾರ ಸರಿಪಡಿಸುತ್ತದೆ.

ಹೀಗೆ ಕಣ್ಣಿಗೆ ಬೀಳದೆ ದುಡಿಯುವ ಪ್ರೋಗ್ರಾಮುಗಳಿಗೆ ಯುನಿಕ್ಸ್ ಲೋಕದಲ್ಲಿ ‘ಡೀಮನ್’ ಎನ್ನುತ್ತಾರೆ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ತಂಡ ಬಳಸತೊಡಗಿದ ಹೆಸರು ಇದು. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಒಂದು ಕಾಲ್ಪನಿಕ ಜೀವಿಯನ್ನು ಮುಂದಿಟ್ಟಿದ್ದರು. ಅನಿಲದ ಪೆಟ್ಟಿಗೆಯೊಳಗೆ ಬಾಗಿಲ ಬಳಿ ಕುಳಿತು, ವೇಗದ ಕಣಗಳನ್ನು ಒಂದು ಕಡೆಗೆ, ನಿಧಾನದ ಕಣಗಳನ್ನು ಇನ್ನೊಂದು ಕಡೆಗೆ ಬಿಡುತ್ತ ದಣಿವಿಲ್ಲದೆ ವಿಂಗಡಿಸುವ ಜೀವಿ. ಆ ಜೀವಿಗೆ ಬಿದ್ದ ‘ಡೀಮನ್’ ಎಂಬ ಹೆಸರೇ ಹಿನ್ನೆಲೆಯ ಪ್ರೋಗ್ರಾಮಿಗೂ ಒಪ್ಪಿತು.

ಈ ಕೆಲಸಗಾರರನ್ನು ಎಬ್ಬಿಸುವ ದಾರಿಗಳು ಮುಖ್ಯವಾಗಿ ಮೂರು. ಒಂದನೆಯದು, ನಾವು ಲಾಗಿನ್ ಆದ ಕೂಡಲೇ ಶುರುವಾಗಬೇಕಾದವುಗಳ ಪಟ್ಟಿ. ಅದು ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿಯೂ, ರಿಜಿಸ್ಟ್ರಿ ಎಂಬ ವಿಂಡೋಸ್‌ನ ದೊಡ್ಡ ಖಾತೆಪುಸ್ತಕದಲ್ಲಿಯೂ ಇರುತ್ತದೆ. ಎರಡನೆಯದು ಸರ್ವಿಸ್‌ಗಳು, ಇವು ಯಂತ್ರ ಎದ್ದಾಗ ಎದ್ದು, ಅದು ಮಲಗುವವರೆಗೂ ಎಚ್ಚರವಾಗಿರುತ್ತವೆ. ಮೂರನೆಯದು ಟಾಸ್ಕ್ ಶೆಡ್ಯೂಲರ್, ಅಂದರೆ ಇಂಥ ಹೊತ್ತಿಗೆ ಇಂಥ ಕೆಲಸ ಆಗಬೇಕು ಎಂದು ಬರೆದಿಟ್ಟ ವೇಳಾಪಟ್ಟಿ.

ಈಗ ಅಕ್ಕನ ಕ್ಯಾಲೆಂಡರನ್ನು ಇವುಗಳ ಪಕ್ಕ ಇಡೋಣ. ಪೆಟ್ಟಿಗೆ ಲಾಗಿನ್ ಪಟ್ಟಿಯಿಂದ ಬರುತ್ತಿದ್ದರೆ ಕಂಪ್ಯೂಟರ್ ಹಾಕಿದ ಕೂಡಲೇ ಒಮ್ಮೆ ಬಂದು ಸುಮ್ಮನಾಗಬೇಕಿತ್ತು, ಹಾಗಾಗಿಲ್ಲ. ಯಂತ್ರ ಎದ್ದಾಗಿನಿಂದ ಗಂಟೆ ಎಣಿಸುವ ಸರ್ವಿಸ್ ಆಗಿದ್ದರೆ 8:50ಕ್ಕೆ ಹಾಕಿದ ದಿನ ಒಂದು ನಿಮಿಷ, 7:40ಕ್ಕೆ ಹಾಕಿದ ದಿನ ಇನ್ನೊಂದು ನಿಮಿಷ ಬರಬೇಕಿತ್ತು, ಹಾಗೂ ಆಗಿಲ್ಲ. ಯಾವಾಗ ಹಾಕಿದರೂ ಗಂಟೆ ಮೇಲೆ ಹನ್ನೆರಡು ನಿಮಿಷ. ಯಂತ್ರದ ಎಚ್ಚರವನ್ನು ಲೆಕ್ಕಿಸದೆ ಗೋಡೆಯ ಗಡಿಯಾರವನ್ನು ನೋಡುವುದು ವೇಳಾಪಟ್ಟಿ ಮಾತ್ರ. ಸಾಗರಕ್ಕೆ ಹೊರಡುವ ಮೊದಲೇ, ಕಂಪ್ಯೂಟರನ್ನು ಮುಟ್ಟದೆಯೇ, ಎಲ್ಲಿ ಹುಡುಕಬೇಕು ಎಂಬುದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು.

ಓಲೆಕಾರನ ತಪ್ಪಲ್ಲ

ಅಕ್ಕ ಕಳಿಸಿದ ಇನ್ನೊಂದು ಫೋಟೊದಲ್ಲಿ ಪೆಟ್ಟಿಗೆಯ ಮಾತು ಸ್ಪಷ್ಟವಾಗಿತ್ತು. ತಲೆಬರಹ ‘ರನ್‌ಡಿಎಲ್‌ಎಲ್’. ಕೆಳಗೆ, ಬಳಕೆದಾರರ ಫೋಲ್ಡರಿನ ಆಳದಲ್ಲಿರುವ ಒಂದು ಕಡತದ ಉದ್ದ ವಿಳಾಸ. ಅದನ್ನು ಶುರುಮಾಡಲು ತೊಂದರೆಯಾಯಿತು, ಹೇಳಿದ ಮಾಡ್ಯೂಲ್ ಸಿಗಲಿಲ್ಲ ಎಂಬ ಒಕ್ಕಣೆ.

ಡಿಎಲ್‌ಎಲ್ ಅಂದರೆ ಹಂಚಿಕೊಂಡು ಬಳಸುವ ಸರಕು. ಊರಿನ ದೇವಸ್ಥಾನದಲ್ಲಿ ಕೊಪ್ಪರಿಗೆ, ಹಂಡೆ, ದೊಡ್ಡ ಸೌಟು ಇರುತ್ತವಲ್ಲ, ಹಾಗೆ. ಮನೆಗೊಂದು ಕೊಪ್ಪರಿಗೆ ಯಾರೂ ಇಟ್ಟುಕೊಳ್ಳುವುದಿಲ್ಲ. ಮದುವೆ ಬಂದಾಗ ತಂದು, ಅಡಿಗೆ ಮುಗಿಸಿ, ಹಿಂತಿರುಗಿಸುತ್ತಾರೆ. ಅಕ್ಷರ ಮೂಡಿಸುವುದು, ಚಿತ್ರ ಬಿಡಿಸುವುದು, ಕಡತ ತೆರೆಯುವುದು ಮುಂತಾಗಿ ಎಲ್ಲ ಪ್ರೋಗ್ರಾಮುಗಳಿಗೂ ಬೇಕಾದ ಕೆಲಸಗಳನ್ನು ಹೀಗೆ ಒಂದೆಡೆ ಇಟ್ಟಿರುತ್ತಾರೆ. ಕೊಪ್ಪರಿಗೆ ತಾನಾಗಿ ಅಡಿಗೆ ಮಾಡಲಾರದು. ಡಿಎಲ್‌ಎಲ್ ಕೂಡ ತಾನಾಗಿ ನಡೆಯಲಾರದು, ಯಾರಾದರೂ ಕರೆಯಬೇಕು. ಹಾಗೆ ಕರೆಯುವುದಕ್ಕೆಂದೇ ವಿಂಡೋಸ್‌ನಲ್ಲಿರುವ ಸಣ್ಣ ಪ್ರೋಗ್ರಾಮಿನ ಹೆಸರು ರನ್‌ಡಿಎಲ್‌ಎಲ್.

ಅಂದಮೇಲೆ ಪೆಟ್ಟಿಗೆಯ ತಲೆಯ ಮೇಲೆ ಯಾರ ಹೆಸರಿದೆಯೋ ಅವನು ತಪ್ಪಿತಸ್ಥನಲ್ಲ. ಅವನು ಓಲೆಕಾರ. ಯಾರೋ ಅವನ ಕೈಗೆ ವಿಳಾಸ ಕೊಟ್ಟು ಕಳಿಸಿದ್ದಾರೆ. ಹೋಗಿ ನೋಡಿದರೆ ಆ ಮನೆಯೇ ಇಲ್ಲ. ಬಂದು ಹಾಗೆಂದು ವರದಿ ಒಪ್ಪಿಸುತ್ತಿದ್ದಾನೆ. ರನ್‌ಡಿಎಲ್‌ಎಲ್ಲನ್ನೇ ಅಳಿಸಿಹಾಕಿದರೆ ಎಂಬ ಯೋಚನೆ ಬಹಳ ಜನರಿಗೆ ಬರುತ್ತದೆ. ಹಾಗೆ ಮಾಡಿದರೆ ವಿಂಡೋಸ್‌ನ ಎಷ್ಟೋ ನ್ಯಾಯವಾದ ಕೆಲಸಗಳು ನಿಲ್ಲುತ್ತವೆ. ಕೇಳಬೇಕಾದ ಪ್ರಶ್ನೆಗಳು ಬೇರೆ: ಓಲೆ ಕಳಿಸಿದವರು ಯಾರು? ಆ ವಿಳಾಸದಲ್ಲಿದ್ದವರು ಎಲ್ಲಿ ಹೋದರು?

ಎಲ್ಲ ಪೆಟ್ಟಿಗೆಗಳೂ ಇಷ್ಟು ಬಿಡಿಸಿ ಹೇಳುವುದಿಲ್ಲ. ಹಲವು ಬರಿ ಸಂಖ್ಯೆಯನ್ನು ಮುಂದಿಡುತ್ತವೆ. 80070005, 8007007ಇ ಇಂಥವನ್ನು ನೀವೂ ನೋಡಿರುತ್ತೀರಿ. ಇವು ಅಡ್ಡಾದಿಡ್ಡಿ ಅಂಕಿಗಳಲ್ಲ. ಪಿನ್‌ಕೋಡಿನ ಮೊದಲ ಅಂಕಿ ವಲಯವನ್ನೂ ಮುಂದಿನವು ಜಿಲ್ಲೆಯನ್ನೂ ಹೇಳುವಂತೆ ಇಲ್ಲಿಯೂ ಪ್ರತಿ ಭಾಗಕ್ಕೆ ಅರ್ಥವಿದೆ. ಮೊದಲ 8 ಎಂದರೆ ಕೆಲಸ ಕೆಟ್ಟಿದೆ. ನಂತರದ 007 ಎಂದರೆ ದೂರು ವಿಂಡೋಸ್‌ನ ಮೂಲ ಪದರದಿಂದ ಬಂದಿದೆ. ಕೊನೆಯ ನಾಲ್ಕು ಸ್ಥಾನ ನಿಜವಾದ ಕಾರಣ. ಇದು ಹದಿನಾರರ ಪದ್ಧತಿಯ ಬರಹ. ಒಂಬತ್ತಾದ ಮೇಲೆ ಹತ್ತರಿಂದ ಹದಿನೈದರವರೆಗೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳು ಬರುತ್ತವೆ. ಇ ಎಂದರೆ 14. ಹಾಗಾಗಿ 7ಇ ಎಂದರೆ 7 ಸಲ 16, ಅದಕ್ಕೆ 14 ಕೂಡಿಸಿ 126. ವಿಂಡೋಸ್‌ನ ಪಟ್ಟಿಯಲ್ಲಿ 126 ಎಂದರೆ ‘ಮಾಡ್ಯೂಲ್ ಸಿಗಲಿಲ್ಲ’, 5 ಎಂದರೆ ‘ಅನುಮತಿ ಇಲ್ಲ’, 2 ಎಂದರೆ ‘ಕಡತ ಸಿಗಲಿಲ್ಲ’. ಅಕ್ಕನ ಪೆಟ್ಟಿಗೆ ಮಾತಿನಲ್ಲಿ ಹೇಳಿದ್ದು ಆ 126ನ್ನೇ. ದೋಷದ ಸಂದೇಶವನ್ನು ಹಾಗೆಹಾಗೆಯೇ, ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು ಎನ್ನುವುದು ಇದಕ್ಕೇ. ಅನುಮತಿ ಇಲ್ಲದಿರುವುದಕ್ಕೂ ಕಡತವೇ ಇಲ್ಲದಿರುವುದಕ್ಕೂ ಮದ್ದು ಬೇರೆ ಬೇರೆ.

ಬರಿಸಿ ನೋಡುವುದು

ಶನಿವಾರ ಸಾಗರ ತಲುಪಿ ಟಾಸ್ಕ್ ಶೆಡ್ಯೂಲರ್ ತೆರೆದಾಗ ಹುಡುಕುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪ್‌ಡೇಟ್ ಎಂಬ ಮರ್ಯಾದಸ್ಥ ಹೆಸರಿನ ಒಂದು ಕೆಲಸ. ಶುರುವಾಗುವ ಹೊತ್ತು ದಿನವೂ ರಾತ್ರಿ 12:12. ಅಲ್ಲಿಂದ ಮುಂದೆ ಗಂಟೆಗೊಮ್ಮೆ. ಮಾಡಬೇಕಾದದ್ದು: ರನ್‌ಡಿಎಲ್‌ಎಲ್ ಮೂಲಕ ಫೋಟೊದಲ್ಲಿದ್ದ ಅದೇ ವಿಳಾಸದ ಕಡತವನ್ನು ಕರೆಯುವುದು. ಓಲೆ ಕಳಿಸುತ್ತಿದ್ದವನು ಸಿಕ್ಕಿದ.

ಆ ಕೆಲಸ ಸೃಷ್ಟಿಯಾದ ದಿನಾಂಕ ಎರಡು ತಿಂಗಳು ಹಿಂದಿನದು. ಪೆಟ್ಟಿಗೆ ಬರತೊಡಗಿದ್ದು ಮಾತ್ರ ಹದಿನೈದು ದಿನದಿಂದ. ನಡುವಿನ ಆರು ವಾರ ಏನಾಗುತ್ತಿತ್ತು?

ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರಿನ ದಿನಚರಿ ತೆಗೆದು ನೋಡಿದೆವು. ಹದಿನೈದು ದಿನ ಹಿಂದೆ ಅದು ಒಂದು ಕಡತವನ್ನು ಹಿಡಿದು ದಿಗ್ಬಂಧನದಲ್ಲಿಟ್ಟಿತ್ತು. ಕಡತದ ಹೆಸರು, ವಿಳಾಸ ಎರಡೂ ಪೆಟ್ಟಿಗೆಯಲ್ಲಿದ್ದವೇ. ಎರಡು ತಿಂಗಳ ಹಿಂದೆ ಏನು ಮಾಡಿದ್ದೆ ಎಂದು ಅಕ್ಕನನ್ನು ಕೇಳಿದೆ. ಸೊಸೈಟಿಯ ರಸೀದಿಗಳನ್ನು ಒಂದೇ ಪಿಡಿಎಫ್ ಮಾಡಲು ಪುಕ್ಕಟೆ ಸಿಕ್ಕ ಒಂದು ಪ್ರೋಗ್ರಾಮು ಹಾಕಿಕೊಂಡಿದ್ದಳು. ಅದರ ಜೊತೆಗೆ ಈ ಅತಿಥಿ ಒಳಗೆ ಬಂದಿತ್ತು.

ಇಡೀ ಪ್ರಕರಣದ ತಿರುಳು ಇಲ್ಲಿದೆ. ಆರು ವಾರ ಗಂಟೆಗೊಮ್ಮೆ ಆ ಕಡತ ಓಡಿತು. ಪರದೆಯ ಮೇಲೆ ಏನೂ ಕಾಣಲಿಲ್ಲ, ಏಕೆಂದರೆ ಎಲ್ಲವೂ ಅದಕ್ಕೆ ಬೇಕಾದಂತೆ ನಡೆಯುತ್ತಿತ್ತು. ಕಾವಲುಗಾರ ಅದನ್ನು ಹಿಡಿದ ಮೇಲೆ, ಕರೆಯುವವನು ಉಳಿದು ಕರೆಸಿಕೊಳ್ಳುವವನು ಇಲ್ಲವಾದ ಮೇಲೆ, ಪೆಟ್ಟಿಗೆ ಬರತೊಡಗಿತು. ಅಕ್ಕ ಚಿಂತೆಯಿಲ್ಲದೆ ಇದ್ದದ್ದು ಅಪಾಯದ ದಿನಗಳಲ್ಲಿ. ಅವಳು ಚಿಂತಿಸತೊಡಗಿದ್ದು ಅಪಾಯದ ಬಹುಭಾಗ ಕಳೆದ ಮೇಲೆ. ದೋಷದ ಸಂದೇಶ ಕಾಣುವುದೇ ಕಾಯಿಲೆಯಲ್ಲ, ಕಾಣದಿರುವುದೇ ಆರೋಗ್ಯವಲ್ಲ.

ಕಾರಣ ಸಿಕ್ಕಿತೆಂದು ಅನಿಸಿದ ಗಳಿಗೆಯೇ ಎಡವುವ ಗಳಿಗೆ ಕೂಡ. ನಾನು ಆ ಕೆಲಸವನ್ನು ಅಳಿಸಲಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿದೆ, ಅಷ್ಟೆ. ಅಕ್ಕ, ಭಾವ, ನಾನು ಮೂವರೂ ಕಾಯುತ್ತ ಕುಳಿತೆವು. 4:12 ಆಯಿತು, 4:13 ಆಯಿತು, ಪರದೆ ಶಾಂತವಾಗಿತ್ತು.

“ಹೋಯ್ತಲ್ಲ, ಇನ್ನು ಅಳಿಸಿಬಿಡು” ಅಂದಳು ಅಕ್ಕ.

“ಇನ್ನೊಂದು ಗಂಟೆ ತಾಳು” ಎಂದು ಅದನ್ನು ಮತ್ತೆ ಚಾಲೂ ಮಾಡಿದೆ. ಅದು ಕರೆಯುವ ಕಡತ ದಿಗ್ಬಂಧನದಲ್ಲಿದ್ದುದರಿಂದ ಹಾಗೆ ಮಾಡುವುದರಲ್ಲಿ ಹಾನಿಯಿರಲಿಲ್ಲ. ಸರಿಯಾಗಿ 5:12ಕ್ಕೆ ಪೆಟ್ಟಿಗೆ ಬಂದು ಕೂತಿತು. ಹದಿನೈದು ದಿನ ಅದನ್ನು ಶಪಿಸಿದ್ದ ಅಕ್ಕ ಆಗ ಚಪ್ಪಾಳೆ ತಟ್ಟಿದಳು.

ನಿಲ್ಲಿಸಿದಾಗ ಹೋದದ್ದು ಕಾಕತಾಳೀಯವೂ ಇರಬಹುದು. ನಿಲ್ಲಿಸಿದರೆ ಹೋಗಿ, ಬಿಟ್ಟರೆ ಬಂದರೆ ಮಾತ್ರ ಅದು ಕಾರಣ ಎನ್ನುವ ಧೈರ್ಯ ಬರುತ್ತದೆ. ಸೂಕ್ಷ್ಮಜೀವಿಯೊಂದು ಒಂದು ರೋಗಕ್ಕೆ ಕಾರಣ ಎಂದು ಸಾಧಿಸಲು ಜರ್ಮನಿಯ ರಾಬರ್ಟ್ ಕಾಖ್ 19ನೇ ಶತಮಾನದ ಕೊನೆಯಲ್ಲಿ ಒತ್ತಿ ಹೇಳಿದ್ದೂ ಇಂಥದೇ ಮಾತು: ರೋಗಿಯಲ್ಲಿ ಆ ಜೀವಿ ಸಿಕ್ಕರೆ ಸಾಲದು; ಅದನ್ನು ಬೇರ್ಪಡಿಸಿ, ಆರೋಗ್ಯವಾಗಿರುವ ಪ್ರಾಣಿಗೆ ಕೊಟ್ಟಾಗ ಅದೇ ರೋಗ ಮತ್ತೆ ಕಾಣಬೇಕು. ಮನೆಯ ಕಂಪ್ಯೂಟರಿನ ಮುಂದೆ ಕುಳಿತವರು ಸಾಮಾನ್ಯವಾಗಿ ಈ ಮೆಟ್ಟಿಲನ್ನು ಹಾರಿಬಿಡುತ್ತಾರೆ. ಒಂದೇ ಸಲ ಹತ್ತು ಬದಲಾವಣೆ ಮಾಡುತ್ತಾರೆ. ದೋಷ ಹೋದರೆ ಯಾವುದರಿಂದ ಹೋಯಿತು ತಿಳಿಯದು. ಹೋಗದಿದ್ದರೆ ಹತ್ತು ಹೊಸ ತೊಡಕು.

ಆಮೇಲೆ ಆ ಕೆಲಸವನ್ನು ಅಳಿಸಿದೆವು. ಪಿಡಿಎಫ್ ಪ್ರೋಗ್ರಾಮನ್ನು ತೆಗೆದೆವು. ವಿಂಡೋಸ್ ಏಳುವುದಕ್ಕೆ ಮೊದಲೇ ಡಿಸ್ಕನ್ನು ಶೋಧಿಸುವ ಆಫ್‌ಲೈನ್ ಸ್ಕ್ಯಾನನ್ನೂ ನಡೆಸಿದೆವು. ಕಣ್ಣಿಗೆ ಕಾಣದೆ ಕಳೆದ ಆರು ವಾರಗಳನ್ನು ನೆನೆದು, ಬ್ಯಾಂಕು, ಇಮೇಲುಗಳ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಾಯಿಸಿದೆವು. 6:12 ಸದ್ದಿಲ್ಲದೆ ದಾಟಿತು.

ಗಡಿಯಾರವಿಲ್ಲದ ದೋಷ

ಎಲ್ಲ ದೋಷವೂ ಹೀಗೆ ಹೊತ್ತು ನೋಡಿ ಬರುವುದಿಲ್ಲ. ಒಮ್ಮೆ ಇಪ್ಪತ್ತು ನಿಮಿಷಕ್ಕೆ, ಒಮ್ಮೆ ಮೂರು ಗಂಟೆಗೆ ಬರುವುದೂ ಉಂಟು. ಆಗ ಕ್ಯಾಲೆಂಡರಿನಲ್ಲಿ ಹೊತ್ತಿನ ಪಕ್ಕ ಆಗ ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆಯಬೇಕು: ಪೆನ್‌ಡ್ರೈವ್ ಹಾಕಿದ್ದೆ, ಪ್ರಿಂಟ್ ಕೊಟ್ಟಿದ್ದೆ, ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುತ್ತಿತ್ತು. ಅದರಲ್ಲೂ ಸುಳಿವು ಸಿಗದಿದ್ದರೆ ಅರ್ಧರ್ಧ ಮಾಡುವ ದಾರಿಯಿದೆ.

ಇದನ್ನು ವಿವರಿಸತೊಡಗಿದಾಗ ಭಾವ ನಡುವೆಯೇ, “ಇದು ನಮ್ಮ ತೋಟದ ಪೈಪಿನ ಕಥೆಯೇ ಆಯ್ತಲ್ಲ” ಎಂದರು. ಅಡಿಕೆ ತೋಟದ ನೆಲದಡಿಯ ಪೈಪಿನಲ್ಲಿ ಎಲ್ಲೋ ನೀರು ಸೋರುತ್ತಿದ್ದರೆ ಅವರು ಉದ್ದಕ್ಕೂ ಅಗೆಯುವುದಿಲ್ಲ. ನಡುವಿನ ವಾಲ್ವ್ ಮುಚ್ಚುತ್ತಾರೆ. ಆಗ ಸೋರಿಕೆ ನಿಂತರೆ ತೂತು ವಾಲ್ವಿನ ಆಚೆ, ನಿಲ್ಲದಿದ್ದರೆ ಈಚೆ. ತೂತಿರುವ ಅರ್ಧದಲ್ಲಿ ಮತ್ತೆ ನಡುವಿನ ವಾಲ್ವ್. ಕಂಪ್ಯೂಟರಿನಲ್ಲೂ ಸಿಸ್ಟಮ್ ಕಾನ್ಫಿಗರೇಶನ್ ಎಂಬಲ್ಲಿ ಮೈಕ್ರೋಸಾಫ್ಟಿನ ಸ್ವಂತ ಸರ್ವಿಸ್‌ಗಳನ್ನು ಪಟ್ಟಿಯಿಂದ ಮರೆಮಾಡಿ, ಉಳಿದವುಗಳಲ್ಲಿ ಅರ್ಧವನ್ನು ನಿಲ್ಲಿಸಿ ಯಂತ್ರವನ್ನು ಮತ್ತೆ ಹಾಕಬೇಕು. ದೋಷ ಬಂದರೆ ತಪ್ಪಿತಸ್ಥ ಎಚ್ಚರವಿರುವ ಅರ್ಧದಲ್ಲಿದ್ದಾನೆ. ಬರದಿದ್ದರೆ ಮಲಗಿಸಿದ ಅರ್ಧದಲ್ಲಿ. 64 ಇದ್ದರೆ 32, 16, 8, 4, 2, 1. ಆರೇ ಸಲ. ಒಂದೊಂದಾಗಿ ನೋಡಿದರೆ 63 ಸಲದವರೆಗೂ ಹೋಗಬೇಕಾದೀತು. ಮುಗಿದ ಮೇಲೆ ನಿಲ್ಲಿಸಿದ್ದೆಲ್ಲವನ್ನೂ ಮೊದಲಿನಂತೆ ಮಾಡುವುದನ್ನು ಮರೆಯಬಾರದು. ತೋಟದಲ್ಲಿ ವಾಲ್ವ್ ತೆರೆಯಲು ಮರೆತರೆ ಆಗುವುದೇ ಇಲ್ಲಿಯೂ ಆಗುತ್ತದೆ.

ಹುಡುಕುವ ಕೆಲಸವನ್ನು ಹಗುರ ಮಾಡುವ ಉಪಕರಣವೂ ಇದೆ, ಹೆಸರು ‘ಆಟೋರನ್ಸ್’. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರುಮಾಡಿದ, 2006ರಲ್ಲಿ ಮೈಕ್ರೋಸಾಫ್ಟ್ ಸೇರಿದ ಸಿಸ್‌ಇಂಟರ್ನಲ್ಸ್ ಬಳಗದ ಉಚಿತ ಪ್ರೋಗ್ರಾಮು ಅದು. ತಾನಾಗಿ ಏಳುವ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹರಡಿ ತೋರಿಸುತ್ತದೆ. ಕರೆಯುವ ಆಜ್ಞೆ ಉಳಿದು ಕಡತ ಇಲ್ಲವಾಗಿರುವ ಸಾಲುಗಳಿಗೆ ಹಳದಿ ಬಳಿಯುತ್ತದೆ. ಅಕ್ಕನ ಮನೆಯಲ್ಲಿ ಅದನ್ನು ಓಡಿಸಿದಾಗ, ಎಂದೋ ಮಾರಿದ ಒಂದು ಸ್ಕ್ಯಾನರಿನ ಸಾಲು ಇನ್ನೂ ಹಳದಿಯಾಗಿ ಅಲ್ಲಿತ್ತು.

ಯಾವುದಕ್ಕೆ ಅಂಜಬೇಕು

ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಪರದೆಗೆ ಬಾರದ ಸಂಗತಿಗಳೂ ಅಲ್ಲಿ ದಾಖಲಾಗುತ್ತವೆ. ಮೊದಲ ಸಲ ತೆರೆದವರ ಎದೆ ಧಸಕ್ಕೆನ್ನುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲೂ ಕೆಂಪು, ಹಳದಿ ಗುರುತಿನ ಸಾಲುಗಳು ಎಷ್ಟೋ ಇರುತ್ತವೆ. ಅವುಗಳಲ್ಲಿ ಹೆಸರಾದದ್ದು 10016 ಎಂಬ ಸಂಖ್ಯೆಯದು. ವಿಂಡೋಸ್‌ನ ಒಂದು ಭಾಗ ಇನ್ನೊಂದನ್ನು ಕೇಳುವಾಗ ಮೊದಲು ಒಂದು ಬಗೆಯಲ್ಲಿ ಕೇಳಿ, ಅನುಮತಿ ಸಿಗದಿದ್ದರೆ ಇನ್ನೊಂದು ಬಗೆಯಲ್ಲಿ ಕೇಳುತ್ತದೆ. ಗೊಂಚಲಿನ ಮೊದಲ ಬೀಗದ ಕೈ ಹೊಂದದೆ ಎರಡನೆಯದು ಹೊಂದಿದ ಹಾಗೆ. ಬಾಗಿಲು ತೆರೆದಿರುತ್ತದೆ, ಹೊಂದದ ಮೊದಲ ಕೈ ಮಾತ್ರ ದಿನಚರಿಯಲ್ಲಿ ಉಳಿಯುತ್ತದೆ. ಇದನ್ನು ಹಾಗೇ ಬಿಡಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ.

ಈ ಕೆಂಪು ಸಾಲುಗಳನ್ನೇ ಬಂಡವಾಳ ಮಾಡಿಕೊಂಡ ವಂಚಕರಿದ್ದಾರೆ. “ನಿಮ್ಮ ಕಂಪ್ಯೂಟರಿನಿಂದ ನಮಗೆ ದೋಷದ ಸಂಕೇತ ಬರುತ್ತಿದೆ” ಎಂದು ಫೋನ್ ಮಾಡಿ, ಇವೆಂಟ್ ವ್ಯೂವರ್ ತೆರೆಸಿ, ಸಾಲುಗಳನ್ನು ಎಣಿಸಿ, ಹೆದರಿಸಿ, ಯಂತ್ರದ ಹಿಡಿತವನ್ನೇ ಕೇಳುತ್ತಾರೆ. ಯಾವ ಕಂಪನಿಯೂ ನಿಮ್ಮ ಮನೆಯ ದಿನಚರಿ ಓದಿ ತಾನಾಗಿ ಫೋನ್ ಮಾಡುವುದಿಲ್ಲ. ಅಂಥ ಕರೆಯಿಂದ ಹಣ ಕಳೆದುಕೊಂಡರೆ ಒಂದು ಗಳಿಗೆಯನ್ನೂ ವ್ಯರ್ಥ ಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಅದೇ ದಿನಚರಿಯಲ್ಲಿ, ಯಾರೂ ಫೋನ್ ಮಾಡಿ ಹೇಳದ ಒಂದು ಸಾಲಿಗೆ ಮಾತ್ರ ನಿಜವಾಗಿ ಅಂಜಬೇಕು. ಮೂಲ ‘ಡಿಸ್ಕ್’, ಸಂಖ್ಯೆ 7: ಸಾಧನದಲ್ಲಿ ಕೆಟ್ಟ ಭಾಗವಿದೆ. ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ಸುತ್ತುತ್ತದೆ. ಅದರ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ತುಂಡುಗಳಾಗಿ ಹಂಚಿರುತ್ತಾರೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು 512 ಬೈಟ್, ಹೊಸವುಗಳಲ್ಲಿ 4,096. ತುಂಡೊಂದು ಓದಲು ಬಾರದಂತಾದರೆ ಡಿಸ್ಕ್ ಮತ್ತೆ ಮತ್ತೆ ಯತ್ನಿಸುತ್ತದೆ. ತುಂಡು ಕೆಟ್ಟೇ ಹೋಗಿದ್ದರೆ ಅದನ್ನು ಕೈಬಿಟ್ಟು, ಮೀಸಲಿಟ್ಟ ತುಂಡನ್ನು ಅದರ ಬದಲಿಗೆ ಬಳಸುತ್ತದೆ. ಇಷ್ಟೆಲ್ಲ ನಡೆಯುವುದು ನಮಗೆ ತಿಳಿಯದಂತೆ.

ತಪ್ಪನ್ನು ಯಂತ್ರವೇ ತಿದ್ದಿಕೊಳ್ಳಬೇಕೆಂಬ ಆಸೆಗೂ ಒಂದು ಮರುಕಳಿಸಿದ ದೋಷವೇ ಕಾರಣ. 1940ರ ದಶಕದ ಕೊನೆಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ರಿಲೇ ಕಂಪ್ಯೂಟರ್ ಸಿಗುತ್ತಿದ್ದದ್ದು ವಾರದ ಕೊನೆಯಲ್ಲಿ ಮಾತ್ರ. ಲೆಕ್ಕ ಕೊಟ್ಟು ಹೋಗುತ್ತಿದ್ದರು. ತಪ್ಪು ಕಂಡುಬಂದರೆ ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಯಂತ್ರ ಆ ಲೆಕ್ಕವನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಎರಡು ವಾರ ಒಂದರ ಹಿಂದೊಂದು ಹೀಗಾದಾಗ ಅವರಿಗೆ ಅನಿಸಿತು: ತಪ್ಪಿದೆಯೆಂದು ಕಂಡುಹಿಡಿಯಬಲ್ಲ ಯಂತ್ರ, ತಪ್ಪು ಎಲ್ಲಿದೆಯೆಂದು ಹುಡುಕಿ ತಿದ್ದಿಕೊಳ್ಳಲು ಏಕೆ ಆಗಬಾರದು? 1950ರಲ್ಲಿ ಅವರು ಪ್ರಕಟಿಸಿದ ಹ್ಯಾಮಿಂಗ್ ಸಂಕೇತದಿಂದ ಬೆಳೆದ ವಿದ್ಯೆ ಇಂದು ಡಿಸ್ಕಿನಲ್ಲಿ, ಸರ್ವರುಗಳ ಮೆಮೊರಿಯಲ್ಲಿ, ಉಪಗ್ರಹದ ಸಂದೇಶಗಳಲ್ಲಿ ದುಡಿಯುತ್ತಿದೆ.

ತಾನೇ ತಿದ್ದಿಕೊಳ್ಳುವ ಯಂತ್ರ ಹೊರಗೆ ಶಾಂತವಾಗಿ ಕಾಣುತ್ತದೆ. ಒಳಗೆ ಮೀಸಲು ಕರಗುತ್ತಿರಬಹುದು. ಅದನ್ನು ತಿಳಿಯಲು ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಆರೋಗ್ಯ ದಾಖಲೆಯಿದೆ, ಸ್ಮಾರ್ಟ್ ಎಂದು ಹೆಸರು. ಹಾರ್ಡ್ ಡಿಸ್ಕಿನಲ್ಲಿ ಅದರ 5ನೇ ಸಾಲು ಎಷ್ಟು ತುಂಡುಗಳನ್ನು ಬದಲಿಸಿಯಾಗಿದೆ ಎಂದೂ, 197ನೇ ಸಾಲು ಎಷ್ಟು ತುಂಡುಗಳು ಅನುಮಾನದಲ್ಲಿವೆ ಎಂದೂ ಹೇಳುತ್ತದೆ. ಆ ಅಂಕಿ ಒಂದು ಕಡೆ ನಿಂತಿದೆಯೋ, ವಾರದಿಂದ ವಾರಕ್ಕೆ ಏರುತ್ತಿದೆಯೋ ಎಂಬುದು ಮುಖ್ಯ. ಅದಕ್ಕೂ ಅದೇ ಕ್ಯಾಲೆಂಡರ್ ಸಾಕು. ಏರುತ್ತಿದ್ದರೆ ರಿಪೇರಿಗೆ ಕೈಹಾಕುವ ಮೊದಲು ಫೋಟೊ, ಲೆಕ್ಕಪತ್ರಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಸಾಯುತ್ತಿರುವ ಡಿಸ್ಕಿಗೆ ರಿಪೇರಿಯ ಶ್ರಮವೇ ಕೊನೆಯದಾಗಬಹುದು.

ಆ ವರ್ಷದ ಕ್ಯಾಲೆಂಡರ್ ಮುಗಿಯುವ ಹೊತ್ತಿಗೆ ಅಕ್ಕನಿಂದ ಮತ್ತೊಂದು ಫೋಟೊ ಬಂತು. ಬೇರೆ ಪೆಟ್ಟಿಗೆ, ಬೇರೆ ಒಕ್ಕಣೆ. ಹಿಂದೆಯೇ ಅವಳ ಫೋನೂ ಬಂತು.

“ತಮ್ಮಾ, ನಾಲ್ಕು ದಿನ ಬರೆದಿಟ್ಟು ನೋಡಿದೆ. ಇದು ಲಾಗಿನ್ ಆದಾಗ ಒಂದೇ ಸಲ ಬರ್ತದೆ, ಆಮೇಲೆ ಇಡೀ ದಿನ ಇಲ್ಲ. ಹಾಗಾದ್ರೆ ಇದು ವೇಳಾಪಟ್ಟಿದಲ್ಲ, ಶುರುವಿನ ಪಟ್ಟಿಯದ್ದು. ಹೋದ ವಾರ ಹಳೇ ಪ್ರಿಂಟರ್ ತೆಗೆದಿದ್ವಿ, ಅದರದ್ದೇ ಇರಬೇಕು. ಆ ಸಾಲನ್ನು ನಿಲ್ಲಿಸಿದೆ, ಹೋಯ್ತು. ಮತ್ತೆ ಬಿಟ್ಟೆ, ಬಂತು. ಈಗ ತೆಗೆಯಬಹುದಲ್ವಾ?”

“ತೆಗಿ ಅಕ್ಕಾ” ಎಂದೆ.